ಎಂಟನೇ ದಿನದ ನೀರು

ಫೆಬ್ರವರಿ 9, 2017

ಇವತ್ತೂ ಕರೆಂಟಿಲ್ಲ. ಕಾಲುಮೆಷಿನ್ನೇ ಗತಿ. ಊರಿಗೂರೇ ಧ್ವಜದ ಕೆಂಪು-ಹಳದಿ-ಹಸಿರು ಬಟ್ಟೆ ಹೊಲಿಸುತ್ತಿದೆ. ಮಾರ್ಚ್ ಆರಕ್ಕೆ ಸ್ವತಂತ್ರ ಘಾನಾಕ್ಕೆ ಅರವತ್ತು. ಅಪ್ಪನಿಗೂ.

ಸ್ವಾತಂತ್ರ್ಯೋತ್ಸವ ಸಮಿತಿಯವರು ಬಂದಿದ್ದರು. ಸ್ವಾತಂತ್ರ್ಯದ ದಿನ ಹುಟ್ಟಿದವರನ್ನು ಊರಿಗೊಬ್ಬರಂತೆ ಅಕ್ರಾಕ್ಕೆ ಕರೆದೊಯ್ಯುತ್ತಾರಂತೆ. ವೇದಿಕೆಯಲ್ಲಿ ಕುರ್ಚಿ, ದೊಡ್ಡಾಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ. ಅಪ್ಪನ ಎಡಗಣ್ಣು ಹೋಗಿಯಾಯಿತು. ಈಸ್ಟರ್ ಒಳಗೆ ಆಪರೇಷನ್ ಆಗದಿದ್ದರೆ ಬಲಗಣ್ಣೂ ಹೋಗುತ್ತದೆ ಅಂದಿದ್ದಾರೆ ಡಾಕ್ಟರು.

"ಈ ಊರಲ್ಲಿ ಸ್ವಾತಂತ್ರ್ಯದ ಕೂಸು ಅಂದ್ರೆ ನಾನೇ ಕಣೇ ಸೆರ್ವಾ," ಅಂದ ಅಪ್ಪ. ಕುಣಿಯುವುದೊಂದು ಬಾಕಿ.

ಫೆಬ್ರವರಿ 14

ಅಪ್ಪನಿಗೆ ಜನನಪತ್ರ ಇಲ್ಲ. ಹೆತ್ತವಳು ಅಂತ ಅಜ್ಜಿ ಸಾಕ್ಷಿ ಹೇಳಿದರೆ ಸಾಕಂತೆ. ಎದುರಾಳಿ ಯಾರು? ಟಿಂಬರ್ ಅಂಗಡಿ ಕೋಫಿ ಬೊಹೆನ್. ಎಲ್ಲಿಂದಲೋ ಅದೇ ತಾರೀಕಿನ ಹೊಸ ಜನನಪತ್ರ ತಂದಿದ್ದಾನೆ... ಬಿದ್ದು ಬಿದ್ದು ನಕ್ಕೆ. ಐವತ್ತೇಳರ ಮಾರ್ಚ್ ಆರು ಬುಧವಾರ. ನಮ್ಮಲ್ಲಿ ಹುಟ್ಟಿದ ವಾರವೇ ಹೆಸರು, ಬುಧವಾರ ಹುಟ್ಟಿದವನು ಕ್ವಾಕು — ನಮ್ಮಪ್ಪನ ಹಾಗೆ. ಕೋಫಿ ಅಂದರೆ ಶುಕ್ರವಾರದವನು. ಹಾಲುಗಲ್ಲದ ಮಗುವಿಗೂ ಗೊತ್ತು ಇದು.

ಫೆಬ್ರವರಿ 20, ಸಂಜೆ

ಅಜ್ಜಿ ಎಲ್ಲಾ ಹಾಳುಮಾಡಿದಳು.

"ಕ್ವಾಕು ಹುಟ್ಟಿದ್ದು ಮಾರ್ಚ್ ಆರನೇ ತಾರೀಕೇ ತಾನೆ, ಅಜ್ಜಿ?" ಅಂದರು ಸಮಿತಿಯವರು. ಹೂಂ ಅಂದಿದ್ದರೆ ಮುಗಿದಿತ್ತು.

"ಹುಟ್ಟಿದ್ದು ಅದರ ಹಿಂದಿನ ಬುಧವಾರ. ಹೊರಗೆ ತಂದು ಹೆಸರಿಟ್ಟಿದ್ದು ಆರನೇ ತಾರೀಕು, ಬೆಳಗಿನ ಜಾವ. ಎಂಟನೇ ದಿನದ ತನಕ ಕೂಸು ನಮ್ಮದಲ್ಲ, ಬಂದ ನೆಂಟ. ಅವತ್ತೇ ಇವನು ಮನುಷ್ಯ ಆಗಿದ್ದು. ದೇಶಾನೂ ಅವತ್ತೇ ದೇಶ ಆಗಿದ್ದು."

"ಅದೆಲ್ಲಾ ಬೇಡ. ಹುಟ್ಟಿದ್ದು ಯಾವತ್ತು?"

ನಾನು ಅಜ್ಜಿಯ ಸೊಂಟ ಚಿವುಟಿದೆ. "ಆರು ಅನ್ನು ಅಜ್ಜಿ."

"ಅವತ್ತು ಇವನ ನಾಲಿಗೆ ಮೇಲೆ ಒಂದು ಹನಿ ನೀರು, ಒಂದು ಹನಿ ಹೆಂಡ ಬಿಟ್ಟು ಹೇಳಿದ್ವಿ — ನೀರಾದ್ರೆ ನೀರು ಅನ್ನು, ಹೆಂಡ ಆದ್ರೆ ಹೆಂಡ ಅನ್ನು ಅಂತ. ಆ ದಿನದ ವಿಷಯದಲ್ಲೇ ನಾನು ಸುಳ್ಳು ಹೇಳ್ಲಾ?" ಆಮೇಲೆ ಅಲ್ಲೇ ಕೂತಿದ್ದ ಬೊಹೆನ್ ಕಡೆ ತಿರುಗಿದಳು. "ಬುಧವಾರ ಹುಟ್ಟಿದೋನಿಗೆ ಶುಕ್ರವಾರದ ಹೆಸರಿಟ್ಳಲ್ಲೋ ನಿಮ್ಮವ್ವ, ಕುಡಿದಿದ್ಳಾ?"

ಎಲ್ಲರೂ ನಕ್ಕರು. ಬೊಹೆನ್ ಕೂಡ. ನಕ್ಕು ಮುಗಿಸಿ, ಸಮಿತಿಯವರು ಬೊಹೆನ್ ತಂದ ಕಾಗದ ನೋಡಿ, ಅವನ ಹೆಸರನ್ನೇ ಬರೆದುಕೊಂಡರು.

ಸತ್ಯಕ್ಕೆ ಸಾವಿಲ್ಲವಂತೆ. ಕಣ್ಣಿಗಿದೆ.

ಫೆಬ್ರವರಿ 27

ಅಪ್ಪ ನಿಜವಾಗಿ ಹುಟ್ಟಿದ ದಿನ. ಯಾರೂ ಸೊಲ್ಲೆತ್ತಲಿಲ್ಲ. ಬೊಹೆನ್ ವೇದಿಕೆಗೆ ಹಾಕುವ ಅಂಗಿ ನಾನೇ ಹೊಲಿದೆ. ಹೊಟ್ಟೆಪಾಡು. "ನನ್ನ ದೇಹಕ್ಕೇನಾಗಿದೆ, ಕಲ್ಲುಗುಂಡು. ಪುಕ್ಕಟೆ ಅಂದ್ಮೇಲೆ ಹಲ್ಲಾದ್ರೂ ಕ್ಲೀನ್ ಮಾಡಿಸ್ಕೊಂಡು ಬರ್ತೀನಿ," ಅಂದ ಬೊಹೆನ್, ಅಂಗಿ ತೊಟ್ಟು ನೋಡುತ್ತಾ. ಸೂಜಿ ಅವನ ಕತ್ತಿಗೆ ಹತ್ತಿರವೇ ಇತ್ತು.

ಮಾರ್ಚ್ 6

ಬೊಹೆನ್ ಅಕ್ರಾದಲ್ಲಿ. ಇಲ್ಲಿ ಶಾಲೆ ಮೈದಾನದಲ್ಲಿ ಎಂದಿನಂತೆ ಅಪ್ಪನಿಂದಲೇ ರಾಷ್ಟ್ರಗೀತೆ ಹಾಡಿಸಿದರು. ಈ ವರ್ಷ ಧ್ವಜದ ಕಂಬವನ್ನು ಗೇಟಿನ ಕಡೆ ನೆಟ್ಟಿದ್ದರು. ಅಪ್ಪನಿಗೆ ಹೇಳಿದವರಿಲ್ಲ. ಹಳೆ ಜಾಗಕ್ಕೇ ಮುಖಮಾಡಿ ಸೆಲ್ಯೂಟ್ ಹೊಡೆದ. ಎದುರಿಗಿದ್ದದ್ದು ಹುಡುಗರ ಕಕ್ಕಸು. ಕಣ್ಣು ಇಷ್ಟು ಹೋಗಿದೆ ಅಂತ ನನಗೂ ಗೊತ್ತಿರಲಿಲ್ಲ.

"ಯಾಕೆ ನಗ್ತಿದಾರೆ ಮಕ್ಳು?" ಅಜ್ಜಿ ಕೇಳಿದಳು.

"ನಿನ್ನ ಮಗ ಕಕ್ಕಸಿಗೆ ಸೆಲ್ಯೂಟ್ ಹೊಡೀತಿದಾನೆ. ಕಕ್ಕಸಾದ್ರೆ ಕಕ್ಕಸು ಅನ್ಬೇಕಲ್ಲ ಅಜ್ಜಿ."

ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಅವಳು ಮನೆಗೆ ಬಂದು ಊಟ ಮಾಡಲಿಲ್ಲ.

ಏಪ್ರಿಲ್ 19

ಈಸ್ಟರ್ ಕಳೆಯಿತು. ಬಲಗಣ್ಣೂ ಪೂರಾ ಹೋಯಿತು. ಇನ್ನು ಬರುವುದಿಲ್ಲ ಅಂತ ಡಾಕ್ಟರು ನನ್ನನ್ನೂ ಅಜ್ಜಿಯನ್ನೂ ಹೊರಗೆ ಕರೆದು ಹೇಳಿದರು.

ಅಪ್ಪ ನನ್ನನ್ನು ಕೇಳಲಿಲ್ಲ. ಅಜ್ಜಿಯನ್ನು ಕೇಳಿದ. "ನೀನು ಸುಳ್ಳು ಹೇಳೋಳಲ್ಲ. ಕಣ್ಣು ಬರುತ್ತಾ ಅವ್ವಾ?"

ಅಜ್ಜಿ ಅವನ ಕೆನ್ನೆ ಸವರಿದಳು.

"ಬರುತ್ತೆ ಕಂದಾ."

ನಂಬಿಬಿಟ್ಟ. ಮುಖ ಅರಳಿತು. ಬರುವ ಮಾರ್ಚ್ ಆರಕ್ಕೆ ಹೊಸ ಅಂಗಿ ಹೊಲಿ ಅಂದ, ಈಗಲೇ ಅಳತೆ ತಗೋ ಅಂತ ಎದ್ದು ನಿಂತ. ಟೇಪು ಹಿಡಿದು ಹೋದೆ. ಅಜ್ಜಿ ಗೋಡೆಗೆ ಮುಖ ಮಾಡಿ, "ನೀರಾದ್ರೆ ನೀರು, ಹೆಂಡ ಆದ್ರೆ ಹೆಂಡ," ಅಂತ ತುಟಿಯಲ್ಲೇ ಅಂದುಕೊಳ್ಳುತ್ತಿದ್ದಳು.