ರಾಜ ಬೆಳಗಿನ ಪಾಳಿ, ರಕ್ಕಸ ಮಧ್ಯಾಹ್ನದ ಪಾಳಿ

ಬಳ್ಳಾರಿ, 1951

ನಮ್ಮ ಅರಳೆ ಮಿಲ್ಲಿನ ಮ್ಯಾನೇಜರ್ ಸಾಹೇಬರಿಗೆ,

ಮಾನ್ಯರೇ,

ಮಿಲ್ಲಿನ ಗೇಟಿನಲ್ಲಿ ಹೊಡೆದಾಡಿ ತಮ್ಮನ್ನೂ ಬೈದನೆಂದು ಸುಂಕಣ್ಣನನ್ನು ಎಂಟು ದಿನ ಕೆಲಸದಿಂದ ಹೊರಗಿಟ್ಟಿದ್ದೀರಿ. ಅವನನ್ನು ಹೊಡೆದವನು ನಾನು. ನನಗೆ ಒಂದು ಗಂಟೆಯ ಶಿಕ್ಷೆಯೂ ಆಗಲಿಲ್ಲ. ಹೊಡೆದವನು ಯಂತ್ರದ ಮುಂದೆ, ಪೆಟ್ಟು ತಿಂದವನು ಮನೆಯಲ್ಲಿ! ಇದು ಯಾವ ಊರಿನ ನ್ಯಾಯ ಎಂದು ಊರವರ ಎದುರಿಗೇ ಕೇಳೋಣವೆಂದು ಈ ಪತ್ರವನ್ನು ಪತ್ರಿಕೆಗೆ ಕಳಿಸಿದ್ದೇನೆ.

ತಾವು ಬರುವ ಮೊದಲು ಪಾಳಿ ಹಂಚುತ್ತಿದ್ದವರು ಮೇಸ್ತ್ರಿ ತಿಪ್ಪೇರುದ್ರಪ್ಪನವರು. ಶನಿವಾರ ಬೇವಿನ ಮರದ ಕೆಳಗೆ ಕೂತು, "ಯಾರಿಗೆ ಏನ್ ಅಡಚಣಿ ಐತಿ, ಈಗ ಹೇಳಿಬಿಡ್ರಿ. ಆಮ್ಯಾಲೆ ನನ್ನ ತಲಿ ತಿನ್ನಬ್ಯಾಡ್ರಿ" ಎನ್ನುತ್ತಿದ್ದರು. ಯಾರ ಮನೆಯಲ್ಲಿ ಬಾಣಂತಿ, ಯಾರ ಎಮ್ಮೆ ಈಯುವ ದಿನ, ಬಯಲಾಟದ ತಾಲೀಮು ಯಾವಾಗ, ಎಲ್ಲವೂ ಅವರಿಗೆ ಗೊತ್ತಿತ್ತು. ಹತ್ತು ವರ್ಷದಲ್ಲಿ ಜನ ಸಾಲದೆ ಯಂತ್ರ ನಿಂತದ್ದಿಲ್ಲ. ತಾವು ಬಂದ ವಾರವೇ ನಮ್ಮ ಹಿತ್ತಾಳೆ ಬಿಲ್ಲೆಗಳ ನಂಬರು ನೋಡಿ, ಬೆಸ ಸಂಖ್ಯೆಯವರು ಬೆಳಗಿನ ಪಾಳಿಗೆ, ಸಮ ಸಂಖ್ಯೆಯವರು ಮಧ್ಯಾಹ್ನದ ಪಾಳಿಗೆ ಎಂದು ಕಾಗದ ಅಂಟಿಸಿದಿರಿ. ವಾರದ ರಜೆಯನ್ನೂ ಅದೇ ಲೆಕ್ಕದಲ್ಲಿ ಬೇರೆ ಬೇರೆ ದಿನ ಮಾಡಿದಿರಿ. ಎಷ್ಟು ಸುಲಭ! ಮನುಷ್ಯರ ಮುಖ ನೋಡುವ ತೊಂದರೆಯೇ ಇಲ್ಲ.

ಮಿಲ್ಲಿನವರದೇ ಒಂದು ಬಯಲಾಟದ ಮೇಳವಿದೆ. ಬರುವ ಹುಣ್ಣಿಮೆಗೆ ಕುರುಗೋಡಿನಲ್ಲಿ ಆಟ. ನಾನು ರಾಜ, ಸುಂಕಣ್ಣ ರಕ್ಕಸ. ನನ್ನ ಬಿಲ್ಲೆ ನಲವತ್ತೊಂದು, ಅವನದು ನಲವತ್ತೆರಡು. ತಮ್ಮ ಕಾಗದದ ಕೃಪೆಯಿಂದ ಮದ್ದಳೆಯವನು ಬೆಳಿಗ್ಗೆ ದುಡಿಯುತ್ತಾನೆ, ತಾಳದವನು ಮಧ್ಯಾಹ್ನ. ನಾನು ಮನೆಗೆ ಬರುವ ಹೊತ್ತಿಗೆ ರಕ್ಕಸ ಮಿಲ್ಲಿಗೆ ಹೋಗಿರುತ್ತಾನೆ. ಅವನು ಬರುವ ಹೊತ್ತಿಗೆ ನಾನು ಮಲಗದಿದ್ದರೆ ಬೆಳಗಿನ ಸೈರನ್ನಿಗೆ ಏಳಲಾರೆ. ನಾನು ಯಾರೊಡನೆ ಕಾದಾಡಲಿ, ಗೋಡೆಯೊಡನೆಯೇ?

ಈ ಆಟ ಸುಂಕಣ್ಣನಿಗೆ ಎಂಥದೆಂದು ತಮಗೆ ಗೊತ್ತಿರಲಿಕ್ಕಿಲ್ಲ. ಹನ್ನೊಂದು ವರ್ಷ ಅವನು ಸೀರೆಯುಟ್ಟು ರಾಣಿಯ ಸಖಿಯಾಗಿ ಕುಣಿದವನು. ಮೀಸೆ ಅಂಟಿಸುವ ಪಾತ್ರ ಸಿಕ್ಕಿರುವುದು ಇದೇ ಮೊದಲ ಸಲ. ಸಿರುಗುಪ್ಪದಲ್ಲಿರುವ ಅವನ ತಾಯಿ ಹೊನ್ನೂರಮ್ಮ, "ಈ ಸಲಾನಾದ್ರೂ ನನ್ನ ಮಗನ್ನ ಮೀಸಿ ವೇಷದಾಗ ನೋಡ್ತೀನಪಾ" ಎಂದು ಆಗಲೇ ಗಾಡಿ ಗೊತ್ತುಮಾಡಿಕೊಂಡಿದ್ದಾಳೆ. ಯುದ್ಧದ ಹೆಜ್ಜೆ ಕೂಡದಿದ್ದರೆ ಪಾತ್ರ ಬೇರೆಯವನಿಗೆ, ಸುಂಕಣ್ಣನಿಗೆ ಮತ್ತೆ ಸೀರೆ ಎಂದು ಆಟ ಕಲಿಸುವ ಮಾಸ್ತರರು ಹೇಳಿಬಿಟ್ಟಿದ್ದಾರೆ. ಅವನ ಮುಖ ನೋಡಿದರೆ ನನಗೆ ಸಂಕಟವಾಗುತ್ತದೆ.

ನಮಗೆ ಉಳಿದದ್ದು ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವ ಐದು ನಿಮಿಷ. ನಾನು ಹೊರಗೆ ಬರುವವನು, ಅವನು ಒಳಗೆ ಹೋಗುವವನು, ಗೇಟಿನ ಮುಂದಿನ ಬಯಲೇ ರಂಗ. ಗೋಣಿ ಸುತ್ತಿದ ಕೋಲು ನನ್ನ ಗದೆ. ದಿನವೂ ನಾನು ಹೊಡೆಯುತ್ತಿದ್ದೆ, ಅವನು ಬೀಳುತ್ತಿದ್ದ. ಮೊನ್ನೆ ಸೋಮವಾರ ಸುಂಕಣ್ಣ ಕಣ್ಣು ಕೆಕ್ಕರಿಸಿ, "ಎಲವೋ ಡೊಳ್ಳುಹೊಟ್ಟೆಯ ಅರಸನೇ, ಇಳಿ ನಿನ್ನ ರಥದಿಂದ ಕೆಳಗೆ!" ಎಂದು ಗರ್ಜಿಸಿದ. ಅದೇ ಗಳಿಗೆಗೆ ನನ್ನ ಬೆನ್ನ ಹಿಂದೆ ತಮ್ಮ ಕಾರು ಬಂದು ನಿಲ್ಲಬೇಕೇ? ತಾವೂ ಕೆಳಗಿಳಿಯಬೇಕೇ? ದಯವಿಟ್ಟು ನಂಬಿ, ಆ ಹೊಟ್ಟೆ ನನ್ನದು. ಬೇಕಾದರೆ ಅಳತೆ ಮಾಡಿಸಿ. ಗೇಟಿನ ಬಳಿ ಮೆಣಸಿನಕಾಯಿ ಬಜ್ಜಿ ಮಾರುವ ಪಕ್ಕೀರಮ್ಮ ಅಲ್ಲೇ ಸಾಕ್ಷಿ ಹೇಳಿದಳಲ್ಲ: "ಸಾಹೇಬ್ರ, ಅದು ಜಗಳ ಅಲ್ರಿ, ತಾಲೀಮು ಐತ್ರಿ. ಆ ಸುಂಕಣ್ಣ ದಿನಾ ಸಾಯ್ತಾನ್ರಿ, ದಿನಾ ಎದ್ದು ಕೆಲಸಕ್ಕ ಹೋಗ್ತಾನ್ರಿ." ತಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಾಲದ್ದಕ್ಕೆ ಅವನ ಪಾಳಿಯ ಅರ್ಧವನ್ನು ನನ್ನ ತಲೆಗೇ ಕಟ್ಟಿದ್ದೀರಿ. ಈಗ ರಕ್ಕಸನಿಗೆ ದಿನವೆಲ್ಲ ಬಿಡುವು, ಅವನನ್ನು ಕೊಲ್ಲಬೇಕಾದ ರಾಜನಿಗೆ ಊಟಕ್ಕೂ ಪುರಸೊತ್ತಿಲ್ಲ. ಆದರೂ ಎರಡು ಗಂಟೆಗೆ ಸುಂಕಣ್ಣ ತಪ್ಪದೆ ಗೇಟಿನಾಚೆ ಬರುತ್ತಾನೆ. ಒಬ್ಬನೇ ಗರ್ಜಿಸಿ, ಒಬ್ಬನೇ ಬಿದ್ದು, ಎದ್ದು ಮಣ್ಣು ಕೊಡವಿಕೊಂಡು ಮನೆಗೆ ಹೋಗುತ್ತಾನೆ. ನಾನು ಕಿಟಕಿಯಿಂದ ನೋಡುತ್ತಾ ಯಂತ್ರಕ್ಕೆ ಎಣ್ಣೆ ಬಿಡುತ್ತೇನೆ.

ನನ್ನ ಬೇಡಿಕೆ ಇಷ್ಟೇ. ಸುಂಕಣ್ಣನನ್ನು ನಾಳೆಯೇ ಕೆಲಸಕ್ಕೆ ಕರೆದು, ಹುಣ್ಣಿಮೆಯವರೆಗೆ ನಮ್ಮಿಬ್ಬರನ್ನೂ ಒಂದೇ ಪಾಳಿಗೆ ಹಾಕಿ. ಮುಂದಿನ ಪಾಳಿಗಳನ್ನು ತಿಪ್ಪೇರುದ್ರಪ್ಪನವರನ್ನು ಕೇಳಿ ಹಂಚಿ. ಇದಾಗದಿದ್ದರೆ ನನ್ನನ್ನೂ ಹೊರಗೆ ಹಾಕಿ. ಹೊಡೆದದ್ದನ್ನು ಒಪ್ಪಿಕೊಂಡು ಕೆಳಗೆ ಸಹಿ ಮಾಡಿದ್ದೇನೆ. ಶಿಕ್ಷೆಯ ಪಾಳಿಯಾದರೂ ಸರಿ, ಇಬ್ಬರಿಗೂ ಒಂದೇ ಇರಲಿ.

ಹುಣ್ಣಿಮೆಗೆ ತಾವೂ ಕುರುಗೋಡಿಗೆ ಬರಬೇಕು. ಮುಂದಿನ ಸಾಲಿನಲ್ಲಿ, ಹೊನ್ನೂರಮ್ಮನ ಪಕ್ಕದಲ್ಲೇ ತಮಗೊಂದು ಕುರ್ಚಿ ಹಾಕಿಸಿರುತ್ತೇನೆ. ಸುಂಕಣ್ಣ ಈ ಸಲವೂ ಸೀರೆಯುಟ್ಟು ಬಂದರೆ, ನನ್ನ ಮಗನ ಮೀಸೆ ಎಲ್ಲಿ ಎಂದು ಆಕೆ ಕೇಳುವುದು ತಮ್ಮನ್ನೇ.

ಇಂತಿ,
ಹೊಡೆಯಲು ರಕ್ಕಸನಿಲ್ಲದ ರಾಜ,
ಫಿಟ್ಟರ್ ಗವಿಸಿದ್ದಪ್ಪ
(ಬಿಲ್ಲೆ ನಂಬರು ನಲವತ್ತೊಂದು, ಹೊಟ್ಟೆ ಸ್ವಂತದ್ದು)