ಒಂಬತ್ತನೆಯ ಭರವಸೆ

ಹತ್ತಿಕುಣಿ
ಜೂನ್ ೨೨, ಗುರುವಾರ

ಮಗಳೇ ಅಂಜನಾ,

ಅವ್ವನ ಆಶೀರ್ವಾದ. ಊಟ ಮಾಡಿದ ಮೇಲೆಯೇ ಇದನ್ನು ಓದು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈಗ ನೀನು ಫೋನು ಎತ್ತಿದರೆ ಹಿಂದೆ ಹತ್ತು ಜನರ ಗದ್ದಲ ಕೇಳಿಸುತ್ತದೆ. ‘ಅವ್ವಾ, ಸಾಹೇಬ್ರು ಕರಿಯಾಕತ್ತಾರ, ಆಮ್ಯಾಲ ಮಾಡ್ತೀನಿ’ ಎನ್ನುತ್ತೀ. ತಪ್ಪಲ್ಲ ಬಿಡು. ಹೊಸ ಶಾಸಕರ ಕಚೇರಿಯಲ್ಲಿ ಅರ್ಜಿ ನೋಡುವವಳಿಗೆ ಬಿಡುವೆಲ್ಲಿ? ಅಲ್ಲದೆ ಈ ಮಾತನ್ನು ನಿನ್ನ ದನಿ ಕೇಳುತ್ತಾ ಹೇಳುವ ಧೈರ್ಯ ನನಗಿಲ್ಲ. ಅಂಗನವಾಡಿಯ ಮಕ್ಕಳು ಉಂಡು ಮಲಗಿದ್ದಾರೆ. ಟೀಚರಮ್ಮ ಮೀಟಿಂಗಿಗೆ ಹೋಗಿದ್ದಾರೆ. ಗೋಡೆಗೆ ಒರಗಿ ಕೂತು ಬರೆಯುತ್ತಿದ್ದೇನೆ.

ನಾಲ್ಕು ವರ್ಷ ನೀನು ಸೋತ ಪಕ್ಷದ ಚೀಲ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿದೆ. ಜನ ನಕ್ಕರು. ಆದರೂ ಪ್ರತಿ ಊರಿನಲ್ಲಿ ಕೂತು ಅವರಿಗೆ ಬೇಕಾದದ್ದನ್ನು ಬರೆದುಕೊಂಡು ಬಂದೆ. ಹಾಗೆ ಬರೆದದ್ದರಲ್ಲಿ ಹದಿನಾಲ್ಕು ಭರವಸೆಗಳು ಚುನಾವಣೆಯ ಪುಸ್ತಕದಲ್ಲಿ ಅಚ್ಚಾದವು. ಒಂಬತ್ತನೆಯದು ನಮ್ಮೂರಿನದು: ಕುರಿ ಮೇಯುವ ಹುಲ್ಲುಗಾವಲು ಗಾಯರಾಣವನ್ನು ಕಬ್ಜಾ ಮಾಡಿಕೊಂಡವರಿಂದ ಬಿಡಿಸಿ ನೂರು ದಿನದೊಳಗೆ ಊರಿಗೆ ಮರಳಿಸುತ್ತೇವೆ ಎಂದು. ಗೆದ್ದ ಮೂರನೆಯ ದಿನ ಶಾಸಕರು ಜೀಪಿನ ಮೇಲೆ ನಿಂತು ಅದನ್ನೇ ಗಟ್ಟಿಯಾಗಿ ಓದಿದರು. ಕುರುಬರ ಓಣಿಯವರು ಭಂಡಾರ ತೂರಿದರು. ನೀನು ಅವರ ಹಿಂದೆ ನಿಂತಿದ್ದೆ, ತಲೆಯೆಲ್ಲ ಅರಿಷಿಣ. ಎಲ್ಲರ ಜೊತೆ ನಾನೂ ಚಪ್ಪಾಳೆ ಹೊಡೆದೆ. ಆದರೆ ನಿನ್ನ ಕಣ್ಣು ನನ್ನ ಕಡೆ ತಿರುಗುವ ಮೊದಲೇ ಮನೆಗೆ ಹೊರಟುಬಿಟ್ಟೆ.

ಯಾಕೆಂದರೆ ನಮ್ಮ ಮನೆ ಇರುವುದು ಅದೇ ಗಾಯರಾಣದ ಮೇಲೆ.

ಮರಿಲಿಂಗಪ್ಪನ ಸ್ವಂತ ಪಟ್ಟಾ ಭೂಮಿಯಲ್ಲಿ ಜಾಗ ಕೊಂಡೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ನಿಮ್ಮಪ್ಪ ತೀರಿದ ಮೇಲೆ ನಾವಿಬ್ಬರೂ ನಿಮ್ಮ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದೆವು. ಬಂದವರು ಹೋದವರು ನಮ್ಮನ್ನು ದಾಟಿಕೊಂಡೇ ಓಡಾಡಬೇಕು. ನೀನು ಕಾಲೇಜಿಗೆ ಸೇರಿದ ವರ್ಷ ಒಂದು ದಿನ ಕೇಳಿದೆ, ‘ಅವ್ವಾ, ಒಳಗಿನಿಂದ ಚಿಲಕ ಹಾಕೋ ಹಂತಾದು ಒಂದು ಖೋಲಿ ಎಲ್ಲ್ಯಾರ ಸಿಗ್ತದೇನು?’ ಯಾಕೆಂದು ನಾನು ಕೇಳಲಿಲ್ಲ. ನಿನ್ನ ಮುಖ ನೋಡಿದರೆ ಕೇಳುವ ಅಗತ್ಯ ಇರಲಿಲ್ಲ. ಮರುದಿನವೇ ಮರಿಲಿಂಗಪ್ಪನ ಬಾಗಿಲಿಗೆ ಹೋದೆ.

ಆಗ ಅವನ ಪಕ್ಷದ ಆಡಳಿತ. ಗಾಯರಾಣದ ನಡುವೆ ತನ್ನ ಹತ್ತಿ ಗೋದಾಮು ಕಟ್ಟಿಸಿ, ಸುತ್ತ ಅಂಚಿನಲ್ಲಿ ನಮ್ಮಂಥವರಿಗೆ ತುಂಡು ತುಂಡು ಹಂಚುತ್ತಿದ್ದ. ಬಡವರ ಮನೆಗಳು ಸುತ್ತ ಇದ್ದರೆ ಗೋದಾಮಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲವೆಂಬ ಲೆಕ್ಕ. ಅದು ನನಗೆ ಆಗಲೇ ತಿಳಿದಿತ್ತು, ಅಂಜನಾ. ತಿಳಿದೂ ಅವನು ಕೊಟ್ಟ ಕಾಗದ ತೆಗೆದುಕೊಂಡೆ. ತಲೆಯ ಮೇಲೆ ಮಾಳಿಗೆ ಹಾಕಿಸುವ ಮೊದಲೇ ಒಳಚಿಲಕದ ಬಾಗಿಲು ಹಚ್ಚಿಸಿದೆ.

ಹೋದ ವಾರ ಸರ್ವೇದವರು ನಕಾಶೆ ಹಿಡಿದು ಬಂದರು. ಗೋದಾಮಿನ ಜೊತೆಗೆ ಇಪ್ಪತ್ಮೂರು ಮನೆ ಬರೆದುಕೊಂಡರು. ನಮ್ಮ ಅಡುಗೆ ಖೋಲಿಯಲ್ಲಿ ನಾನು ನೀರಿನ ಕೊಡ ಇಡುವ ಕಲ್ಲೇ ಗಾಯರಾಣದ ಗಡಿಕಲ್ಲು. ಕೊಡ ಎತ್ತಿ ನಾನೇ ತೋರಿಸಿದೆ. ಎರಡು ದಿನ ಬಿಟ್ಟು ನೀನು ಫೋನು ಮಾಡಿದಾಗ, ‘ಒಂಬತ್ತನೇದು ಈಗ ಎರಡನೇ ಹಂತಕ್ಕ ಹೋಗ್ಯಾದ ಅವ್ವಾ’ ಎಂದೆ. ಯಾಕೆ ಎಂದು ನಾನು ಕೇಳಿದರೆ ‘ಎಲ್ಲಾ ಒಮ್ಮೆಲೆ ಆಗಂಗಿಲ್ಲ’ ಎಂದೆ. ನಿನ್ನ ದನಿ ಯಾರೋ ಬರೆದುಕೊಟ್ಟದ್ದನ್ನು ಓದುವ ಹಾಗಿತ್ತು.

ಮರುದಿನ ಮರಿಲಿಂಗಪ್ಪ ಮನೆಗೆ ಬಂದ. ಅವನ ಕೊರಳಲ್ಲಿ ನಿಮ್ಮ ಪಕ್ಷದ ಶಾಲು! ‘ಈಗ ನಾವೆಲ್ಲಾ ಒಂದ ಮನಿಯವರು ರೇಣಮ್ಮಾ. ಮಗಳಿಗಿ ಒಂದು ಮಾತು ಹೇಳು. ಸ್ವಂತ ತಾಯಿ ಮನಿ ಕೆಡವಾಕ ಆಕಿ ಹೆಂಗ ಕಾಗದ ಬರೀತಾಳ? ಆ ಮಾತು ಹಂಗ ತಣ್ಣಗ ಕುಂದರಲಿ’ ಎಂದ. ಚಹಾ ಕೊಟ್ಟು ಕಳಿಸಿದೆ.

ಅವನು ಹೋದ ಮೇಲೆ ನನಗೆ ಒಲೆ ಹಚ್ಚಲು ಮನಸ್ಸಾಗಲಿಲ್ಲ. ನೆಟ್ಟಗೆ ಕುರುಬರ ಓಣಿಯ ನಿಮ್ಮ ರೇವಣಸಿದ್ದ ಕಾಕಾನ ಹಟ್ಟಿಗೆ ಹೋದೆ. ಗಾಯರಾಣ ಹೋದ ಮೇಲೆ ಅವನ ಕುರಿಗಳು ಗುಡ್ಡ ಸುತ್ತಿಕೊಂಡು ಎರಡು ಹರದಾರಿ ನಡೆಯಬೇಕು. ಬೇಸಿಗೆಯಲ್ಲಿ ಮರಿಗಳು ದಾರಿಯಲ್ಲೇ ಬೀಳುತ್ತವೆ. ಒಂದು ಕುಂಟು ಮರಿಗೆ ಹಾಲು ಕುಡಿಸುತ್ತಾ ಕೂತಿದ್ದ. ‘ಅಣ್ಣಾ, ನಿನ್ನ ಗಡಿಕಲ್ಲು ನನ್ನ ಅಡಗಿ ಖೋಲ್ಯಾಗ ಅದ’ ಎಂದೆ. ಅವನು ತಲೆ ಎತ್ತಲಿಲ್ಲ.

‘ನಂಗ ಗೊತ್ತದ ತಂಗಿ. ನೀ ಪಾಯ ತೋಡಿದಾಗಿಂದ ಗೊತ್ತದ.’

‘ಮತ್ತ ಆವಾಗ ಕಬ್ಜಾದ ಸಲುವಾಗಿ ಊರು ಕೂಡಿದ ಸಭಾದಾಗ ಯಾಕ ಹೇಳ್ಲಿಲ್ಲ? ಮರಿಲಿಂಗಪ್ಪನ ಹೆಸರು ಹೇಳ್ದಿ, ನಂದು ಬಿಟ್ಟಿ.’

‘ಮನ್ಯಾಗ ಹೆಣ್ಣಕೂಸು ಇತ್ತಲ್ಲ. ನಮ್ಮ ಕುರಿ ಎಲ್ಲ್ಯಾರ ಮೇಯ್ತಾವ ಅಂದೆ. ಈಗ ಆಕಿ ದೊಡ್ಡಾಕಿ ಆಗ್ಯಾಳ, ದಫ್ತರದಾಗ ಕುಂತಾಳ. ಈಗ ನೀ ಹೇಳಿದಂಗ.’

ಅಷ್ಟೇ ಹೇಳಿ ಮತ್ತೆ ಮರಿಯ ಬಾಯಿ ಒರೆಸತೊಡಗಿದ. ಬೈದಿದ್ದರೆ ನಾನು ಸುಲಭವಾಗಿ ಎದ್ದು ಬರುತ್ತಿದ್ದೆ.

ಈಗ ನನ್ನ ಮಾತು ಕೇಳು. ನನ್ನ ಮನೆಯನ್ನು ಅಡ್ಡ ಹಿಡಿದು ಅವನ ಗೋದಾಮು ಉಳಿಯಬಾರದು. ಅವನು ಹೇಳುವ ಮೊದಲು ನೀನೇ ಶಾಸಕರಿಗೆ ಹೇಳು, ನನ್ನ ತಾಯಿಯ ಮನೆಯೂ ಕಬ್ಜಾದ ಪಟ್ಟಿಯಲ್ಲಿದೆ, ಆಕೆ ಬಿಟ್ಟುಕೊಡುತ್ತಾಳೆ ಎಂದು. ಮೊದಲು ಗೋದಾಮು ತೆಗೆಸಲಿ. ಉಳಿದ ಇಪ್ಪತ್ತೆರಡು ಮನೆಯವರಿಗೆ ಬೇರೆ ಜಾಗ ತೋರಿಸುವವರೆಗೆ ಯಾರ ಗೋಡೆಯನ್ನೂ ಮುಟ್ಟಬಾರದು. ಪಕ್ಕದ ಆಮೀನಾ ಮೂರು ಮಕ್ಕಳನ್ನು ಕಟ್ಟಿಕೊಂಡು ಹೊಲಿಗೆ ಮಷಿನ್ ಎಲ್ಲಿ ಇಡಬೇಕು? ನೀನು ಮೊದಲು ಬರೆದು ನನಗೆ ಓದಿ ತೋರಿಸಿದ್ದರಲ್ಲಿ ಬದಲಿ ನಿವೇಶನದ ಸಾಲು ಇತ್ತು. ಅಚ್ಚಾದಾಗ ಇರಲಿಲ್ಲ. ಕೇಳಿದರೆ ‘ಭಾಳ ಉದ್ದ ಆಗ್ತದಂತ ತೆಗದ್ರು’ ಎಂದಿದ್ದೆ. ಆಗ ನೀವು ಗೆದ್ದಿರಲಿಲ್ಲ, ತೆಗೆದರೆ ಯಾರಿಗೂ ನಷ್ಟವಿರಲಿಲ್ಲ. ಈಗ ಆ ಒಂದು ಸಾಲಿನ ಮೇಲೆ ಇಪ್ಪತ್ತೆರಡು ಒಲೆಗಳಿವೆ. ಅದನ್ನು ತಿರುಗಿ ಬರೆಸು.

ನನ್ನ ಚಿಂತೆ ಮಾಡಬೇಡ. ಟೀಚರಮ್ಮನ ಮನೆಯ ಹಿಂದಿನ ಖೋಲಿ ಖಾಲಿ ಇದೆ, ಮಾತಾಡಿದ್ದೇನೆ. ಇದರಿಂದ ನಿನ್ನ ಕೆಲಸ ಹೋದರೂ ಹೋಗಬಹುದು. ಹೋದರೆ ಆ ಖೋಲಿಗೇ ಬಾ. ನಾಲ್ಕು ವರ್ಷ ಸೋತವರ ಜೊತೆ ನಡೆದವಳು ನೀನು, ನಾಲ್ಕು ದಿನ ನನ್ನ ಜೊತೆ ಇದ್ದರೆ ಏನಾದೀತು?

ನಿನಗೆ ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗುತ್ತಿದೆ. ಬಾಗಿಲು ಹಚ್ಚಿಸಿದ್ದಕ್ಕೆ ಆಗುತ್ತಿಲ್ಲ.

ನಿನ್ನ ಅವ್ವ,
ರೇಣಮ್ಮ

ತಾ.ಕ.: ಮರಿಲಿಂಗಪ್ಪ ಬಂದಾಗ ಚಹಾ ಕೊಟ್ಟು ಕಳಿಸಿದೆ ಎಂದಷ್ಟೇ ಬರೆದೆ. ಕಪ್ಪು ಕೆಳಗಿಡುವ ಮೊದಲು ಅವನು ಒಂದು ಅರ್ಜಿ ಮುಂದಿಟ್ಟ, ಒಂಬತ್ತನೆಯ ಭರವಸೆ ಕೈಬಿಡಬೇಕೆಂದು. ಹೆದರಿ ಸಹಿ ಹಾಕಿದೆ. ಅದು ನಾಳೆಯೋ ನಾಡಿದ್ದೋ ನಿನ್ನ ಮೇಜಿಗೇ ಬರುತ್ತದೆ, ಮೇಲಿನಿಂದ ಮೂರನೆಯ ಹೆಸರು ನನ್ನದು. ನನ್ನ ಮಾನ ಉಳಿಸಲೆಂದು ನೀನು ಅದನ್ನು ಅಳಿಸಬೇಡ, ಅರ್ಜಿಯನ್ನು ಬಚ್ಚಿಡಲೂ ಬೇಡ. ಸೋಮವಾರ ಮುಂಜಾನೆಯ ಬಸ್ಸಿಗೆ ನಿಮ್ಮ ಕಚೇರಿಗೆ ಬರುತ್ತೇನೆ. ಎಲ್ಲರ ಎದುರಿಗೆ ನನ್ನ ಹೆಸರನ್ನು ನಾನೇ ಹೊಡೆದುಹಾಕುತ್ತೇನೆ. ಅಲ್ಲಿ ನನ್ನನ್ನು ಅವ್ವಾ ಎಂದೇ ಕರೆ.