ಹಗ್ಗದ ಮಾತು

ಬೆಟ್ಟದ ಬುಡದ ವಸತಿಗೃಹ
ಶುಕ್ರವಾರ ಮಧ್ಯಾಹ್ನ

ನನ್ನ ಮೊಂಡಿಗೆ,

ನಿನ್ನ ಕಡ್ಡಿ ಇನ್ನೂ ಮುರಿದಿಲ್ಲ, ಗಟ್ಟಿಯಾಗಿದ್ದಾಳೆ. ಬಂದ ಕೂಡಲೇ ಬರೆಯುತ್ತೇನೆಂದು ಹೇಳಿ ಇಷ್ಟು ತಡಮಾಡಿದ್ದಕ್ಕೆ ಮನಸಾರೆ ಬೈದುಕೋ. ಮೇಲಿನ ಡೇರೆಯಲ್ಲಿ ಪೆನ್ನಿನ ಶಾಯಿಯೇ ಹೆಪ್ಪುಗಟ್ಟಿತ್ತು. ಈಗ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ತೊಡೆಯ ಮೇಲೆ ತಟ್ಟೆ ಬೋರಲು ಹಾಕಿಕೊಂಡು ಬರೆಯುತ್ತಿದ್ದೇನೆ. ಮೂಗಿನ ತುದಿ ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿದೆ.

ಮೊದಲು ಸುದ್ದಿ. ಹತ್ತಿದೆ ಕಣೇ, ತುದಿಯವರೆಗೂ! ಪ್ರೆಸ್ಸಿನ ಮಹಡಿ ಹತ್ತಲು ನಿನ್ನ ಹೆಗಲು ಹಿಡಿಯುತ್ತಿದ್ದ ಪ್ರೂಫ್ ರೀಡರ್ ಹಿಮದ ಬೆಟ್ಟ ಹತ್ತಿದಳೆಂದು ಅಲ್ಲಿ ಎಲ್ಲರಿಗೂ ಡಂಗುರ ಸಾರು.

ಯಾಕೆ ಬಂದೆನೆಂಬ ಪೂರ್ತಿ ಕಥೆ ನಿನಗೆ ಹೇಳಿರಲಿಲ್ಲ. ಪ್ರತಿವರ್ಷ ಬೆಟ್ಟ ಹತ್ತುತ್ತಿದ್ದವರು ನಮ್ಮವರು. ಇದೊಂದು ಬಾಕಿ ಇತ್ತು. ಹೃದಯದ ಆಪರೇಷನ್ ಆದಮೇಲೆ ಡಾಕ್ಟರು ಖಡಾಖಂಡಿತವಾಗಿ ಬೇಡವೆಂದರು. ಮಂಕಾಗಿ ಕೂತಿದ್ದವರು ಒಂದು ದಿನ, "ನೀನು ಹೋಗಿ ಬಾರೇ. ನನ್ನ ಬದಲು ನೋಡ್ಕೊಂಡು ಬಾ," ಎಂದರು. ತಮಾಷೆ ಎಂದುಕೊಂಡೆ. ಮಾರನೆಯ ದಿನವೇ ನನ್ನ ಬೆನ್ನಿಗೆ ಮರಳಿನ ಚೀಲ ಕಟ್ಟಿ ನೀರಿನ ಟ್ಯಾಂಕಿನ ಮೆಟ್ಟಿಲಿಗೆ ಅಟ್ಟಿದರು. ಅಂದಿನಿಂದ ಅವರ ಮುಖಕ್ಕೆ ಮತ್ತೆ ಕಳೆ ಬಂತು. ಅರ್ಧಕ್ಕೇ ವಾಪಸ್ ಹೋಗಿ ಆ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಒಂದು ಹಗ್ಗಕ್ಕೆ ನಾವು ಮೂವರು: ಗೈಡ್, ನಡುವೆ ನಾನು, ನನ್ನ ಹಿಂದೆ ಒಬ್ಬ ಹಲ್ಲಿನ ಡಾಕ್ಟರ್. ಗೈಡ್ ಸಾಧು ಮನುಷ್ಯ, ಆದರೆ ಹಗ್ಗ ಕಟ್ಟಿಕೊಂಡರೆ ಸಾಕ್ಷಾತ್ ಹೆಡ್‌ಮಾಸ್ತರು. ಕಡಿದಾದ ಕಡೆ ಅವರು ಮೊದಲು ಹತ್ತಿ, ಮೇಲೆ ಕೂತು ನಮ್ಮ ಹಗ್ಗ ಹಿಡಿಯುತ್ತಾರೆ. ನಾವು "ಬಿಗಿ" ಎಂದರೆ ಎಳೆದುಕೊಳ್ಳುತ್ತಾರೆ, "ಬಿಡಿ" ಎಂದರೆ ಸಡಿಲಿಸುತ್ತಾರೆ. "ಬೇರೆ ಮಾತೇ ಬೇಡ, ಗಾಳೀಲಿ ಕೇಳಲ್ಲ," ಎಂದು ಕೆಳಗೇ ಪಾಠ ಮಾಡಿದ್ದರು.

ನನ್ನ ಬಾಯಿ ನಿನಗೆ ಗೊತ್ತಲ್ಲ. ತುದಿ ಇನ್ನೇನು ಬಂತು ಅನ್ನುವಾಗ ಮಂಜುಗಡ್ಡೆಯ ಏರಿನಲ್ಲಿ ಏದುಸಿರು ಬಿಡುತ್ತ ನಿಂತೆ. "ಕಷ್ಟ ಆಗ್ತಿದೆಯೇನಮ್ಮಾ?" ಎಂದು ಮೇಲಿನಿಂದ ಕೂಗಿದರು. ಅಭ್ಯಾಸಬಲ ನೋಡು, "ಅಯ್ಯೋ, ಪರವಾಗಿಲ್ಲ ಬಿಡಿ!" ಎಂದೆ. ಮೊದಲೆರಡು ಮಾತು ಗಾಳಿ ನುಂಗಿತು. ಅವರು ಬಿಟ್ಟರು. ಅದೇ ಹೊತ್ತಿಗೆ ನನ್ನ ಕಾಲೂ ಜಾರಬೇಕೇ! ಸೊಯ್ಯನೆ ಹೊಟ್ಟೆಯ ಮೇಲೆ ಜಾರಿದೆ. ಹಗ್ಗ ಮತ್ತೆ ಬಿಗಿಯುವಷ್ಟರಲ್ಲಿ ನನ್ನ ಮುಳ್ಳಿನ ಬೂಟು ಡಾಕ್ಟರ್ ಬಾಯಿಯ ಹತ್ತಿರ ಬಂದು ನಿಂತಿತ್ತು. "ಅಮ್ಮಾ, ಹಲ್ಲು ಕೀಳೋದು ನನ್ನ ಕೆಲಸ," ಎಂದ ಪುಣ್ಯಾತ್ಮ.

ಗೈಡ್ ನಗಲಿಲ್ಲ. ಇಳಿದು ಬಂದು, "ಸಾಕು, ವಾಪಸ್ ಹೋಗೋಣ," ಎಂದರು. ಬಿದ್ದಾಗ ಬಾರದ ಅಳು ಆಗ ಬಂತು. ಮನೆಯಲ್ಲಿ ಫೋನಿನ ಪಕ್ಕ ಕೂತಿರುವವರ ಬಗ್ಗೆ ಹೇಳಿದೆ. ಗೈಡ್ ನನ್ನ ಸೊಂಟದ ಗಂಟು, ಬೂಟಿನ ಪಟ್ಟಿ ಎಲ್ಲ ಜಗ್ಗಿ ನೋಡಿದರು. "ಸರಿ, ಹತ್ತೋಣ. ಆದ್ರೆ ಇನ್ಮೇಲೆ ಉಪಚಾರದ ಮಾತು ಆಡೋ ಹಾಗಿಲ್ಲ. ಕಷ್ಟ ಆದ್ರೆ ಕಷ್ಟ ಅನ್ಬೇಕು," ಎಂದರು. "ಕಷ್ಟ, ಕಷ್ಟ" ಎಂದು ಗೊಣಗುತ್ತಲೇ ತುದಿ ಮುಟ್ಟಿದೆ. ಜನ್ಮದಲ್ಲಿ ಅಷ್ಟು ನಿಜ ಆಡಿರಲಿಲ್ಲ.

ತುದಿ ಎಂದರೆ ನಮ್ಮ ಪ್ರೂಫ್ ಮೇಜಿನಷ್ಟು ಜಾಗ. ಮೋಡಗಳೆಲ್ಲ ಕಾಲ ಕೆಳಗೆ. ಡಾಕ್ಟರ್ ಒಣದ್ರಾಕ್ಷಿ ಕೊಟ್ಟ. ಜೋಮು ಹಿಡಿದ ಕೈಯಿಂದ ಅರ್ಧ ಉದುರಿಹೋಯಿತು, ಅದಕ್ಕೂ ನಕ್ಕೆವು. ತುಂಬ ಸಂತೋಷವಾಗಿದ್ದೆ ಕಣೇ, ಸುಮ್ಮಸುಮ್ಮನೆ ಸಂತೋಷ.

ನಿನ್ನ ಮಂಡಿನೋವು ಇಳಿಯಲಿ, ಹೊಸ ಕನ್ನಡಕ ಹೊಂದಿಕೊಳ್ಳಲಿ. ಮಕ್ಕಳು ಮರಿ ಎಲ್ಲ ತಣ್ಣಗಿರಿ. ಇಲ್ಲಿಯಷ್ಟು ತಣ್ಣಗೆ ಬೇಡ.

ನಿನ್ನ
ಕಡ್ಡಿ

ತಾ.ಕ.: ಇದನ್ನು ನಿನಗಲ್ಲದೆ ಯಾರಿಗೂ ಹೇಳುವುದಿಲ್ಲ. ಇವರು ಪ್ರತಿ ಬೆಟ್ಟದಿಂದ ಬಂದಾಗಲೂ, ಚೀಲ ಇಳಿಸುವ ಮುಂಚೆಯೇ, "ತುದೀಲಿ ನಿಂತಾಗ ನಿನ್ನದೇ ನೆನಪು ಬಂತು ಕಣೇ," ಎನ್ನುತ್ತಿದ್ದರು. ಆ ಒಂದು ಮಾತು ನೆಚ್ಚಿಕೊಂಡು ವರ್ಷಗಟ್ಟಲೆ ಒಬ್ಬಳೇ ಮನೆ ಕಾದಿದ್ದೇನೆ. ಮೊನ್ನೆ ತುದಿಯಲ್ಲಿ ನನಗೆ ಇವರ ನೆನಪೇ ಬರಲಿಲ್ಲ. ಡೇರೆಗೆ ಬಂದು ಬೂಟು ಬಿಚ್ಚುವಾಗ ಅದು ಹೊಳೆದು ಒಂದೇ ಬೂಟಿನಲ್ಲಿ ಕೂತುಬಿಟ್ಟೆ. ಇವತ್ತು ಫೋನಿನಲ್ಲಿ, ಎಲ್ಲಿ ನೊಂದುಕೊಳ್ಳುತ್ತಾರೋ ಎಂದು, "ತುದೀಲಿ ನಿಮ್ಮದೇ ನೆನಪು ಬಂತು ರೀ," ಎಂದೆ. ಎಷ್ಟೋ ದಿನದ ಮೇಲೆ ಬಾಯ್ತುಂಬ ನಕ್ಕರು. "ಹೋಗೇ ಸುಳ್ಳಿ! ಅಲ್ಲಿ ಯಾರ ನೆನಪಾದ್ರೂ ಬರುತ್ತೇನೇ?" ಎಂದರು.

ತಾವೇನು ಹೇಳಿಬಿಟ್ಟೆವೆಂದು ಅವರಿಗೆ ಹೊಳೆಯಲೇ ಇಲ್ಲ. ನಾನೂ ನಕ್ಕು, ಮಾತ್ರೆ ತಗೊಂಡಿರಾ ಎಂದು ಕೇಳಿ ಫೋನಿಟ್ಟೆ. ತುಂಬ ನೋವಾಯಿತು ಕಣೇ. ಬೈಯೋಣವೆಂದರೆ, ಈಗ ನಾನೂ ಅಲ್ಲಿಗೆ ಹೋಗಿ ಬಂದವಳಲ್ಲವೇ.